ಹಿಮದ ನಾಡಿನ ಬಣ್ಣಗಳು: ಎಡ್ವರ್ಡ್ ವಿಲ್ಸನ್ ಬರೆದ ಚಿತ್ರಗಳು



ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ತರಗತಿಯಿಂದ ಈ ಲೇಖನವನ್ನು ಆರಂಭಿಸೋಣ. ಮೇಜಿನ ಮೇಲೆ ಸೂಕ್ಷ್ಮದರ್ಶಕವಿದೆ, ಅದರಡಿಯಲ್ಲಿ ಒಂದು ಸ್ಲೈಡ್ ಇದೆ. ಕಣ್ಣಿಟ್ಟು ನೋಡಬೇಕು, ಕಂಡದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಇದು ನಿಯಮ. ಆದರೆ ನಾವು ಮಾಡುವುದೇನು? ಹಿಂದಿನ ವರ್ಷದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕವನ್ನು ಎರವಲು ತಂದು, ಅದರಲ್ಲಿರುವ ಚಿತ್ರವನ್ನು ಅಂದವಾಗಿ ನಕಲು ಮಾಡುತ್ತೇವೆ. ಬಿ.ಎಸ್ಸಿ. ಓದುವಾಗ ನಾನೂ ಹಾಗೆಯೇ ಮಾಡಿದ್ದೆ. ಒಮ್ಮೆ ನನ್ನ ಪಾಲಿಗೆ ಬಂದ ಸ್ಲೈಡಿನಲ್ಲಿ ಕೀಟದ ಒಂದು ಕುಡಿಮೀಸೆ ಮುರಿದು ಹೋಗಿತ್ತು. ನನ್ನ ಚಿತ್ರದಲ್ಲಿ ಮಾತ್ರ ಎರಡೂ ಮೀಸೆಗಳು ಸೊಗಸಾಗಿ ಇದ್ದವು. ನಮ್ಮ ಮೇಷ್ಟ್ರು ಸೂಕ್ಷ್ಮದರ್ಶಕದೊಳಗೆ ಒಮ್ಮೆ ನೋಡಿದರು, ನನ್ನ ಪುಸ್ತಕವನ್ನು ಒಮ್ಮೆ ನೋಡಿದರು. "ಎರಡನೆಯ ಮೀಸೆ ಎಲ್ಲಿದೆ, ಸ್ವಲ್ಪ ತೋರಿಸಪ್ಪಾ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. ಇಲ್ಲದ್ದನ್ನು ಸೇರಿಸದೆ, ಇದ್ದದ್ದನ್ನು ಬಿಡದೆ, ಕಂಡಷ್ಟನ್ನೇ ಬರೆಯುವುದು ಎಷ್ಟು ಕಷ್ಟ! ಬೆಚ್ಚನೆಯ ಪ್ರಯೋಗಾಲಯದಲ್ಲಿ ಕುಳಿತ ನಮಗೇ ಇದು ಕಷ್ಟವಾದರೆ, ಸೊನ್ನೆಗಿಂತ ಮೂವತ್ತು ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಹಿಮದ ಮೇಲೆ ಕುಳಿತು ಇದನ್ನೇ ವ್ರತದಂತೆ ಪಾಲಿಸಿದವರ ಬಗ್ಗೆ ಏನು ಹೇಳೋಣ? ಅಂಥ ಒಬ್ಬರನ್ನು ಈ ಪುಟಗಳಲ್ಲಿ ನಿಮಗೆ ಪರಿಚಯಿಸುತ್ತೇನೆ. ಅವರ ಹೆಸರು ಎಡ್ವರ್ಡ್ ಏಡ್ರಿಯನ್ ವಿಲ್ಸನ್. ಅಂಟಾರ್ಕ್ಟಿಕಾ ಖಂಡದ ಬಣ್ಣಗಳನ್ನು ಜಗತ್ತಿಗೆ ತೋರಿಸಿದ ಮೊದಲಿಗರಲ್ಲಿ ಅವರು ಮುಖ್ಯರು.

ವೈದ್ಯ, ಪ್ರಾಣಿಶಾಸ್ತ್ರಜ್ಞ, ಚಿತ್ರಕಾರ

ವಿಲ್ಸನ್ ಹುಟ್ಟಿದ್ದು 1872ರ ಜುಲೈ 23ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. ಕೇಂಬ್ರಿಜ್‌ನಲ್ಲಿ ಪ್ರಕೃತಿ ವಿಜ್ಞಾನ ಓದಿದರು. ಆಮೇಲೆ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ. ಚಿತ್ರಕಲೆಯನ್ನು ಅವರು ಯಾವ ಕಲಾಶಾಲೆಯಲ್ಲೂ ಕಲಿತವರಲ್ಲ. ಚಿಕ್ಕಂದಿನಿಂದ ಹೊಲ, ಕಾಡು, ಹಳ್ಳಗಳನ್ನು ಸುತ್ತಿ ಹಕ್ಕಿಗಳನ್ನು ನೋಡುತ್ತ, ನೋಡಿದ್ದನ್ನು ಬರೆಯುತ್ತ, ತಮ್ಮ ಕಣ್ಣಿಗೂ ಕೈಗೂ ತಾವೇ ಪಾಠ ಹೇಳಿಕೊಂಡರು.

ವೈದ್ಯವಿದ್ಯಾರ್ಥಿಯಾಗಿದ್ದಾಗಲೇ, 1898ರಲ್ಲಿ, ಅವರಿಗೆ ಕ್ಷಯರೋಗ ತಗಲಿತು. ಆಗ ಅದಕ್ಕೆ ಔಷಧಿ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಶುದ್ಧ ಗಾಳಿ ಮತ್ತು ವಿಶ್ರಾಂತಿ ಇವೆರಡೇ ಅಂದಿನ ಚಿಕಿತ್ಸೆ. ಹೀಗಾಗಿ ವಿಲ್ಸನ್ ನಾರ್ವೆಯಲ್ಲೂ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲೂ ತಿಂಗಳುಗಟ್ಟಲೆ ಕಳೆಯಬೇಕಾಯಿತು. ಮಂಕಾಗಿ ಕೂರುವ ಬದಲು ಅವರು ಅಲ್ಲಿಯೂ ಪೆನ್ಸಿಲು, ಬಣ್ಣ ಹಿಡಿದರು. ಹಿಮವನ್ನು, ಹಿಮದ ಮೇಲಿನ ಬೆಳಕನ್ನು ಹತ್ತಿರದಿಂದ ನೋಡಿದರು. ರೋಗವು ಅವರಿಗೆ ತಿಳಿಯದಂತೆಯೇ ಮುಂದಿನ ಕೆಲಸಕ್ಕೆ ಸಿದ್ಧತೆ ಮಾಡಿಸಿತು.

1901ರಲ್ಲಿ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ಅವರ ನಾಯಕತ್ವದಲ್ಲಿ 'ಡಿಸ್ಕವರಿ' ಎಂಬ ಹಡಗು ಅಂಟಾರ್ಕ್ಟಿಕಾಕ್ಕೆ ಹೊರಟಿತು. ವಿಲ್ಸನ್ ಅದರಲ್ಲಿ ಕಿರಿಯ ವೈದ್ಯ, ಪ್ರಾಣಿಶಾಸ್ತ್ರಜ್ಞ ಮತ್ತು ಚಿತ್ರಕಾರ ಈ ಮೂರೂ ಹೊಣೆಗಳನ್ನು ಹೊತ್ತರು. ಶ್ವಾಸಕೋಶದ ಹಳೆಯ ರೋಗದಿಂದಾಗಿ ವೈದ್ಯಕೀಯ ಮಂಡಳಿ ಅವರನ್ನು ಅನರ್ಹರೆಂದಿತು. ಆದರೂ ಸ್ಕಾಟ್ ಅವರನ್ನು ಬಿಡಲಿಲ್ಲ. ಹಡಗು ಹೊರಡುವುದಕ್ಕೆ ಮೂರು ವಾರ ಮೊದಲು ವಿಲ್ಸನ್ ಅವರಿಗೆ ಓರಿಯಾನಾ ಎಂಬುವರೊಡನೆ ಮದುವೆಯಾಗಿತ್ತು. ಅವರು ಮನೆಗೆ ಮರಳಿದ್ದು ಮೂರು ವರ್ಷಗಳ ನಂತರ.

ಕ್ಯಾಮೆರಾ ಇರಲಿಲ್ಲವೇ?

ನಮ್ಮ ಕಾರ್ಯಕ್ರಮದಲ್ಲಿ ಇಂಥ ಚಿತ್ರಗಳನ್ನು ತೋರಿಸಿದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಇದು. ಕ್ಯಾಮೆರಾ ಇತ್ತು. ಡಿಸ್ಕವರಿ ಹಡಗಿನಲ್ಲೂ ಇತ್ತು. ಹತ್ತು ವರ್ಷಗಳ ನಂತರದ 'ಟೆರಾ ನೋವಾ' ಯಾತ್ರೆಯಲ್ಲಂತೂ ಹರ್ಬರ್ಟ್ ಪಾಂಟಿಂಗ್ ಎಂಬ ನುರಿತ ಛಾಯಾಗ್ರಾಹಕರೇ ಇದ್ದರು. ಆದರೆ ಆ ಛಾಯಾಚಿತ್ರಗಳು ಬಹುಪಾಲು ಕಪ್ಪು ಬಿಳುಪು. ಬಣ್ಣದ ಛಾಯಾಚಿತ್ರ ತೆಗೆಯುವ ಆಟೊಕ್ರೋಮ್ ಎಂಬ ಗಾಜಿನ ಫಲಕಗಳು 1907ರಲ್ಲಿ ಮಾರುಕಟ್ಟೆಗೆ ಬಂದಿದ್ದವು ನಿಜ. ಪಾಂಟಿಂಗ್ ಕೆಲವನ್ನು ಒಯ್ದಿದ್ದರು ಕೂಡ. ಆದರೆ ಅವುಗಳಿಗೆ ಬಹಳ ಬೆಳಕು ಬೇಕು, ಬಹಳ ಹೊತ್ತು ತೆರೆದಿಡಬೇಕು. ಅಂಟಾರ್ಕ್ಟಿಕಾದಲ್ಲಿ ಬಣ್ಣ ಹೆಚ್ಚಾಗಿ ಕಾಣುವುದೇ ಬೆಳಕು ಕಡಿಮೆ ಇರುವಾಗ. ಸೂರ್ಯ ದಿಗಂತದ ಅಂಚಿನಲ್ಲಿರುವಾಗ, ಇಲ್ಲವೇ ಚಂದ್ರನ ಬೆಳಕಿನಲ್ಲಿ, ಇಲ್ಲವೇ ಧ್ರುವಪ್ರಭೆ ಆಕಾಶದಲ್ಲಿ ಆಡುವಾಗ. ಅಂದಿನ ಕ್ಯಾಮೆರಾ ಸೋಲುವ ಈ ಹೊತ್ತಿನಲ್ಲಿ ಮನುಷ್ಯನ ಕಣ್ಣು ಗೆಲ್ಲುತ್ತಿತ್ತು.

ಹಿಮದ ಕಡಲನ್ನು ಚಿತ್ರಿಸಿದವರಲ್ಲಿ ವಿಲ್ಸನ್ ಅವರೇ ಮೊದಲಿಗರಲ್ಲ. 1773ರ ಜನವರಿ 17ರಂದು ಕ್ಯಾಪ್ಟನ್ ಜೇಮ್ಸ್ ಕುಕ್ ಅವರ ಹಡಗು ದಕ್ಷಿಣ ಧ್ರುವವೃತ್ತವನ್ನು ದಾಟಿತು. ಇತಿಹಾಸದಲ್ಲಿ ದಾಖಲಾದ ಮೊದಲ ದಾಟುವಿಕೆ ಅದು. ಆ ಯಾತ್ರೆಯಲ್ಲಿದ್ದ ಚಿತ್ರಕಾರ ವಿಲಿಯಂ ಹಾಡ್ಜಸ್ ತೇಲುವ ನೀರ್ಗಲ್ಲಿನ ಗುಡ್ಡಗಳನ್ನು ಬರೆದರು. ಆದರೆ ಅವರು ಹಡಗಿನಿಂದ ನೋಡಿದವರು. ವಿಲ್ಸನ್ ನೆಲಕ್ಕಿಳಿದರು, ಅಲ್ಲಿ ಬದುಕಿದರು, ನಾಲ್ಕು ತಿಂಗಳ ಕಾಲ ಸೂರ್ಯನೇ ಕಾಣದ ಇರುಳನ್ನು ಕಳೆದರು, ಜಾರುಬಂಡಿ ಎಳೆದುಕೊಂಡು ನೂರಾರು ಕಿಲೋಮೀಟರ್ ನಡೆದರು. ಅವರ ಚಿತ್ರಗಳು ಈ ನಡಿಗೆಯಿಂದ ಹುಟ್ಟಿದವು.

ಚಳಿಯಲ್ಲಿ ಚಿತ್ರ ಬರೆಯುವ ಬಗೆ

ಜಲವರ್ಣಕ್ಕೆ ನೀರು ಬೇಕು. ಆ ಚಳಿಯಲ್ಲಿ ಕುಂಚವನ್ನು ಅದ್ದುವ ಮೊದಲೇ ನೀರು ಗಡ್ಡೆ ಕಟ್ಟುತ್ತದೆ. ಹಾಗಾದರೆ ವಿಲ್ಸನ್ ಏನು ಮಾಡಿದರು?

ಬಯಲಿನಲ್ಲಿ ಅವರು ಬಳಸಿದ್ದು ಪೆನ್ಸಿಲು ಮತ್ತು ಚಿಕ್ಕ ಚಿತ್ರಪುಸ್ತಕ. ದಪ್ಪ ಕೈಗವಸು ತೊಟ್ಟು ಪೆನ್ಸಿಲು ಹಿಡಿಯಲಾಗುವುದಿಲ್ಲ. ಕೈಗವಸು ತೆಗೆದರೆ ಕೆಲವೇ ನಿಮಿಷಗಳಲ್ಲಿ ಬೆರಳುಗಳು ಜೋಮು ಹಿಡಿಯುತ್ತವೆ. ಇನ್ನೂ ಬಿಟ್ಟರೆ ಚರ್ಮದೊಳಗಿನ ನೀರು ಹೆಪ್ಪುಗಟ್ಟಿ ಅಂಗಾಂಶ ಸಾಯುತ್ತದೆ. ಆದ್ದರಿಂದ ಅವರು ನಾಲ್ಕು ಗೆರೆ ಎಳೆಯುವುದು, ಕೈಯನ್ನು ಗವಸಿನೊಳಗೆ ತೂರಿಸಿ ಬೆಚ್ಚಗಾಗುವವರೆಗೆ ಕಾಯುವುದು, ಮತ್ತೆ ತೆಗೆದು ನಾಲ್ಕು ಗೆರೆ ಎಳೆಯುವುದು, ಹೀಗೆ ಚಿತ್ರ ಬರೆದರು. ದಿನವಿಡೀ ಬಂಡಿ ಎಳೆದು ದಣಿದವರು ಗುಡಾರ ಸೇರಿದ ಮೇಲೂ ಹೊರಗೆ ಕುಳಿತು, ಎರಡು ಮೂರು ಗಂಟೆ ಕಾಲ ಪರ್ವತ ಸಾಲನ್ನು ಉದ್ದಕ್ಕೂ ಬರೆದದ್ದುಂಟು.

ಬಣ್ಣದ ಮಾತೇನು? ಗೆರೆಗಳ ನಡುವೆ ಅವರು ಬಣ್ಣಗಳ ಹೆಸರನ್ನು ಅಕ್ಷರದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಈ ಮೋಡದ ಅಂಚು ಯಾವ ಬಗೆಯ ಕಿತ್ತಳೆ, ಅದರ ಕೆಳಗಿನ ಪಟ್ಟಿ ಎಂಥ ನೇರಳೆ, ಮಂಜಿನ ನೆರಳಿನಲ್ಲಿ ಎಷ್ಟು ನೀಲಿ, ಇದೆಲ್ಲ ಅಲ್ಲೇ ದಾಖಲು. ಆಮೇಲೆ ಚಳಿಗಾಲದ ಕತ್ತಲೆಯಲ್ಲಿ, ಬಿಡಾರದೊಳಗೆ ಕುಳಿತು, ಆ ಗುರುತುಗಳನ್ನು ನೋಡಿ ಬಣ್ಣ ತುಂಬುತ್ತಿದ್ದರು. 1911ರ ಬಿಡಾರದಲ್ಲಿ ಬೆಳಕು ಬರುತ್ತಿದ್ದುದು ಅಸಿಟಿಲೀನ್ ದೀಪದಿಂದ. ಕಾರ್ಬೈಡಿಗೆ ನೀರು ತಾಗಿದಾಗ ಹೊರಡುವ ಅನಿಲ ಅದು. ನಮ್ಮ ಊರುಗಳ ವೆಲ್ಡಿಂಗ್ ಅಂಗಡಿಗಳಲ್ಲಿ ಬಳಸುವುದೂ ಇದನ್ನೇ.

ಇಲ್ಲಿ ಒಂದು ಸೂಕ್ಷ್ಮವಿದೆ. ದೀಪದ ಬೆಳಕಿನಲ್ಲಿ ಬಣ್ಣಗಳು ಹಗಲಿನಂತೆ ಕಾಣುವುದಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಇದು ದಿನನಿತ್ಯದ ಸಮಸ್ಯೆ. ಚಿತ್ರೀಕರಣಕ್ಕೆ ಮೊದಲು ಕ್ಯಾಮೆರಾದ ಮುಂದೆ ಒಂದು ಬಿಳಿ ಹಾಳೆ ಹಿಡಿದು, "ಈ ಬೆಳಕಿನಲ್ಲಿ ಬಿಳಿ ಎಂದರೆ ಇದು" ಎಂದು ಕ್ಯಾಮೆರಾಕ್ಕೆ ತಿಳಿಸಬೇಕಾಗುತ್ತದೆ. ಇಲ್ಲವಾದರೆ ಬಲ್ಬಿನ ಬೆಳಕಿನಲ್ಲಿ ಮುಖಗಳು ಅರಿಶಿನ ಬಳಿದಂತೆ ಕಾಣುತ್ತವೆ. ವಿಲ್ಸನ್ ಅವರಿಗೆ ಇಂಥ ಯಾವ ಸೌಲಭ್ಯವೂ ಇರಲಿಲ್ಲ. ಅವರ ಬಿಳಿ ಹಾಳೆ ಎಂದರೆ ಬಯಲಿನಲ್ಲಿ ತಾವೇ ಬರೆದುಕೊಂಡ ಆ ಅಕ್ಷರಗಳು ಮತ್ತು ತಮ್ಮ ನೆನಪು.

ಟೆರಾ ನೋವಾ ಯಾತ್ರೆಯ ಚಳಿಗಾಲದಲ್ಲಿ ಬಿಡಾರದಲ್ಲಿ ಉಪನ್ಯಾಸ ಮಾಲೆ ನಡೆಯುತ್ತಿತ್ತು. ವಿಲ್ಸನ್ ಪೆಂಗ್ವಿನ್ ಬಗ್ಗೆ ಮಾತನಾಡಿದರು, ಚಿತ್ರ ಬರೆಯುವುದರ ಬಗ್ಗೆಯೂ ಮಾತನಾಡಿದರು. ಎಲ್ಲಕ್ಕಿಂತ ಮೊದಲು ನಿಖರತೆ ಎಂಬುದೇ ಅವರ ಪಾಠದ ಸಾರ.

ಕಣ್ಣು ತೆತ್ತ ಬೆಲೆ

1902ರ ನವೆಂಬರ್‌ನಲ್ಲಿ ಸ್ಕಾಟ್, ಶ್ಯಾಕಲ್‌ಟನ್ ಮತ್ತು ವಿಲ್ಸನ್ ದಕ್ಷಿಣಕ್ಕೆ ನಡೆದು ಹೊರಟರು. ಡಿಸೆಂಬರ್ 30ರಂದು ಅವರು 82 ಡಿಗ್ರಿ ದಕ್ಷಿಣ ಅಕ್ಷಾಂಶವನ್ನು ದಾಟಿದ್ದರು. ಅಲ್ಲಿಯವರೆಗೆ ಅಷ್ಟು ದಕ್ಷಿಣಕ್ಕೆ ಯಾರೂ ಹೋಗಿರಲಿಲ್ಲ. ದಾರಿಯುದ್ದಕ್ಕೂ ಬಲಗಡೆಗೆ ಹಿಂದೆಂದೂ ಯಾರೂ ನೋಡಿರದ ಪರ್ವತಗಳು ಒಂದೊಂದಾಗಿ ಮೂಡುತ್ತಿದ್ದವು. ಅವುಗಳ ಆಕಾರವನ್ನು ದಾಖಲಿಸುವುದು ವಿಲ್ಸನ್ ಅವರ ಕೆಲಸ. ನಕ್ಷೆ ತಯಾರಿಸಲು ಆ ಚಿತ್ರಗಳೇ ಆಧಾರ.

ಹಿಮದ ಮೇಲೆ ನಡೆಯುವವರು ಕಪ್ಪು ಕನ್ನಡಕ ಧರಿಸಬೇಕು. ಏಕೆಂದರೆ ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ಬರುವ ಈ ಕಿರಣಗಳು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಎಂದರೆ ಕಾರ್ನಿಯಾವನ್ನು, ಸುಡುತ್ತವೆ. ಸುಟ್ಟದ್ದು ಆಗಲೇ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ ಕಣ್ಣಿಗೆ ಬಿಸಿ ಮರಳು ಸುರಿದಂತೆ ಉರಿ ಏಳುತ್ತದೆ, ಧಾರಾಕಾರವಾಗಿ ನೀರು ಸುರಿಯುತ್ತದೆ, ಕಣ್ಣು ತೆರೆಯಲಾಗುವುದಿಲ್ಲ. ಇದಕ್ಕೆ ಹಿಮಗುರುಡು ಎಂದು ಹೆಸರು.

ಆದರೆ ಕಪ್ಪು ಕನ್ನಡಕದೊಳಗಿಂದ ನೋಡಿದರೆ ನಿಜವಾದ ಬಣ್ಣ ಕಾಣುವುದಿಲ್ಲ, ದೂರದ ಬೆಟ್ಟದ ಸಣ್ಣ ಬಿರುಕು ಕಾಣುವುದಿಲ್ಲ. ಚಿತ್ರಕಾರ ಕನ್ನಡಕ ತೆಗೆಯಲೇಬೇಕು. ವಿಲ್ಸನ್ ತೆಗೆದರು. ತಾವು ವೈದ್ಯರು, ಇದರ ಪರಿಣಾಮ ಏನೆಂಬುದು ಅವರಿಗೆ ಇತರರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಡಿಸೆಂಬರ್ ಕೊನೆಯಲ್ಲಿ ಅವರ ಕಣ್ಣುಗಳು ಎಷ್ಟು ಊದಿಕೊಂಡವೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಬಂಡಿ ಎಳೆಯಬೇಕಾಯಿತು. ಎದುರಿಗೆ ಹೊಸ ಪರ್ವತಗಳು ಮೂಡುತ್ತಿವೆ, ಚಿತ್ರಕಾರನ ಕಣ್ಣಿಗೆ ಬಟ್ಟೆ! ಪಕ್ಕದಲ್ಲಿ ನಡೆಯುತ್ತಿದ್ದ ಸ್ಕಾಟ್ ಕಂಡದ್ದನ್ನೆಲ್ಲ ಬಾಯಿಮಾತಿನಲ್ಲಿ ವರ್ಣಿಸುತ್ತಿದ್ದರು. ಕತ್ತಲೆಯಲ್ಲಿ ನಡೆಯುತ್ತ ವಿಲ್ಸನ್ ತಮ್ಮ ಊರಿನ ಬೀಚ್ ಮರಗಳ ಕಾಡನ್ನು ಕಲ್ಪಿಸಿಕೊಳ್ಳುತ್ತಿದ್ದರಂತೆ. ಕಣ್ಣು ಸ್ವಲ್ಪ ಸುಧಾರಿಸಿದ ಕೂಡಲೆ ಮತ್ತೆ ಪೆನ್ಸಿಲು ಹಿಡಿದರು.

ಹಿಮಕ್ಕೆ ಎಷ್ಟು ಬಣ್ಣ?

ಅಂಟಾರ್ಕ್ಟಿಕಾ ಎಂದರೆ ಬರೀ ಬಿಳಿ ಎಂದು ನಾವು ಭಾವಿಸುತ್ತೇವೆ. ವಿಲ್ಸನ್ ಅವರ ಚಿತ್ರಗಳನ್ನು ನೋಡಿದರೆ ಈ ಭಾವನೆ ಹೋಗುತ್ತದೆ. ಅವುಗಳಲ್ಲಿ ಗುಲಾಬಿ, ತಿಳಿ ಹಸಿರು, ನೇರಳೆ, ಕೆಂಪು ಎಲ್ಲವೂ ಇವೆ. ಇವು ಚಿತ್ರಕಾರನ ಕಲ್ಪನೆಯೇ? ಅಲ್ಲ. ಪ್ರತಿಯೊಂದಕ್ಕೂ ಭೌತಶಾಸ್ತ್ರದ ಕಾರಣವಿದೆ.

ಮೊದಲು ನೀಲಿಯನ್ನು ನೋಡೋಣ. ನೀರ್ಗಲ್ಲು ಬೆಳಕಿನಲ್ಲಿರುವ ಕೆಂಪು ಭಾಗವನ್ನು ಬಹಳ ಸ್ವಲ್ಪ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ. ಲೋಟದಲ್ಲಿರುವ ಐಸ್ ತುಂಡಿನಲ್ಲಿ ಇದು ತಿಳಿಯುವುದಿಲ್ಲ. ಆದರೆ ಬೆಳಕು ಹಲವು ಮೀಟರ್ ದಪ್ಪದ ಗಟ್ಟಿ ನೀರ್ಗಲ್ಲಿನೊಳಗೆ ಹಾದು ಬಂದಾಗ ಕೆಂಪು ಬಹುಪಾಲು ಕಳೆದುಹೋಗಿ ನೀಲಿ ಉಳಿಯುತ್ತದೆ. ಹಿಮನದಿಯ ಬಿರುಕುಗಳು ನೀಲಿಯಾಗಿ ಕಾಣುವುದು ಇದರಿಂದ. ಹಿಮದ ಮೇಲಿನ ನೆರಳು ನೀಲಿಯಾಗುವುದಕ್ಕೆ ಬೇರೆ ಕಾರಣವಿದೆ. ನೆರಳಿನ ಜಾಗಕ್ಕೆ ಸೂರ್ಯನ ನೇರ ಬೆಳಕು ಬೀಳುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಬಿಳಿ ಹಿಮವು ಅದನ್ನು ಹಾಗೆಯೇ ತೋರಿಸುತ್ತದೆ.

ಇನ್ನು ಪರಿವೇಷ. ಸೂರ್ಯ ಅಥವಾ ಚಂದ್ರನ ಸುತ್ತ ಕಾಣುವ ದೊಡ್ಡ ಉಂಗುರ ಇದು. ವಿಲ್ಸನ್ ಇದನ್ನು ಅನೇಕ ಬಾರಿ ಚಿತ್ರಿಸಿದರು. ಇದಕ್ಕೆ ಕಾರಣ ಗಾಳಿಯಲ್ಲಿ ತೇಲುವ ನೀರ್ಗಲ್ಲಿನ ಪುಟ್ಟ ಹರಳುಗಳು. ಈ ಹರಳುಗಳಿಗೆ ಆರು ಪಕ್ಕಗಳು. ಬೆಳಕು ಒಂದು ಪಕ್ಕದಿಂದ ಒಳಹೊಕ್ಕು, ನಡುವೆ ಒಂದನ್ನು ಬಿಟ್ಟು ಅದರಾಚೆಯ ಪಕ್ಕದಿಂದ ಹೊರಬಂದರೆ, ಅದು 60 ಡಿಗ್ರಿ ಪಟ್ಟಕದ ಮೂಲಕ ಹಾದಂತಾಯಿತು. ನೀರ್ಗಲ್ಲಿನ ವಕ್ರೀಭವನ ಸೂಚ್ಯಂಕ ಸುಮಾರು 1.31. ನಿಮ್ಮ ಪಿ.ಯು.ಸಿ. ಭೌತಶಾಸ್ತ್ರದ ಕನಿಷ್ಠ ವಿಚಲನೆಯ ಸೂತ್ರದಲ್ಲಿ ಈ ಅಂಕಿಗಳನ್ನು ಹಾಕಿ ನೋಡಿ. ಉತ್ತರ ಸುಮಾರು 22 ಡಿಗ್ರಿ ಬರುತ್ತದೆ. ಆದ್ದರಿಂದಲೇ ಉಂಗುರವು ಸೂರ್ಯನಿಂದ 22 ಡಿಗ್ರಿ ದೂರದಲ್ಲಿ ಕಾಣುತ್ತದೆ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳು ಕಿರುಬೆರಳುಗಳನ್ನು ಅಗಲಿಸಿದರೆ ಒಂದು ಗೇಣು. ಕಣ್ಣಿನಿಂದ ನೋಡಿದಾಗ ಆ ಗೇಣು ಹೆಚ್ಚು ಕಡಿಮೆ ಇಷ್ಟೇ ಕೋನವಾಗುತ್ತದೆ. ಕೆಂಪು ಬಣ್ಣ ಎಲ್ಲಕ್ಕಿಂತ ಕಡಿಮೆ ಬಾಗುವುದರಿಂದ ಪರಿವೇಷದ ಒಳ ಅಂಚು ಕೆಂಪು.

ಹರಳುಗಳು ತಟ್ಟೆಯಂತೆ ಚಪ್ಪಟೆಯಾಗಿದ್ದು, ಅಡ್ಡಡ್ಡಲಾಗಿ ತೇಲುತ್ತಿದ್ದರೆ ಬೆಳಕು ಸೂರ್ಯನ ಎಡಬಲಗಳಲ್ಲಿ ಹೆಚ್ಚು ಸೇರುತ್ತದೆ. ಆಗ ಸೂರ್ಯನ ಎರಡೂ ಪಕ್ಕಗಳಲ್ಲಿ ಎರಡು ಹುಸಿಸೂರ್ಯರು ಕಾಣುತ್ತಾರೆ. ಚಂದ್ರನಿಗಾದರೆ ಹುಸಿಚಂದ್ರರು. ಇವನ್ನು ಬರೆಯುವ ಚಿತ್ರಕಾರ ಉಂಗುರವನ್ನು ಅಂದಕ್ಕೆಂದು ಸ್ವಲ್ಪ ಹಿಗ್ಗಿಸಿದರೂ ವಿಜ್ಞಾನಿಗೆ ಆ ಚಿತ್ರದಿಂದ ಪ್ರಯೋಜನವಿಲ್ಲ.

ಪರಿವೇಷ ನೋಡಲು ಧ್ರುವಕ್ಕೇ ಹೋಗಬೇಕಾಗಿಲ್ಲ. 2021ರ ಮೇ 24ರಂದು ಬೆಂಗಳೂರಿನ ಆಕಾಶದಲ್ಲಿ ಸೂರ್ಯನ ಸುತ್ತ ಇಂಥದೇ ಉಂಗುರ ಕಂಡಿತ್ತು. ನೆಲದ ಮೇಲೆ ಬೇಸಿಗೆ ಇದ್ದರೂ ಬಹಳ ಎತ್ತರದ ತೆಳು ಮೋಡಗಳಲ್ಲಿ ನೀರ್ಗಲ್ಲಿನ ಹರಳುಗಳೇ ಇರುತ್ತವೆ.

ಮೂರು ಮೊಟ್ಟೆಗಳಿಗಾಗಿ

ಡಿಸ್ಕವರಿ ಯಾತ್ರೆಯಲ್ಲಿ, 1902ರ ಅಕ್ಟೋಬರ್‌ನಲ್ಲಿ, ಕೇಪ್ ಕ್ರೋಜಿಯರ್ ಎಂಬಲ್ಲಿ ಎಂಪರರ್ ಪೆಂಗ್ವಿನ್‌ಗಳ ನೆಲೆ ಪತ್ತೆಯಾಯಿತು. ಪೆಂಗ್ವಿನ್‌ಗಳಲ್ಲೆಲ್ಲ ದೊಡ್ಡದು ಇದು. ಆಗಲೇ ಅಲ್ಲಿ ಮರಿಗಳಿದ್ದವು. ವಿಲ್ಸನ್ ಲೆಕ್ಕ ಹಾಕಿದರು. ಈಗಲೇ ಮರಿಗಳು ಇಷ್ಟು ಬೆಳೆದಿದ್ದರೆ ಮೊಟ್ಟೆ ಇಟ್ಟದ್ದು ನಡು ಚಳಿಗಾಲದಲ್ಲಿ! ಗೂಡಿಲ್ಲದೆ, ಹೆಪ್ಪುಗಟ್ಟಿದ ಕಡಲಿನ ಮೇಲೆ ನಿಂತು, ಪಾದಗಳ ಮೇಲೆ ಮೊಟ್ಟೆ ಇಟ್ಟುಕೊಂಡು ಕಾವು ಕೊಡುವ ಈ ಹಕ್ಕಿ ಅವರನ್ನು ಸೆರೆ ಹಿಡಿಯಿತು. ಕಾವು ಕೊಡುವುದು ಗಂಡು ಎಂದೂ, ಎರಡು ತಿಂಗಳಿಗೂ ಮಿಕ್ಕಿ ಏನೂ ತಿನ್ನದೆ ಅದು ಹಾಗೆಯೇ ನಿಲ್ಲುತ್ತದೆಂದೂ ಆಮೇಲೆ ತಿಳಿದುಬಂತು.

ಅಂದಿನ ಜೀವಶಾಸ್ತ್ರದಲ್ಲಿ ಜರ್ಮನಿಯ ಹೆಕೆಲ್ ಅವರ ವಾದ ಪ್ರಬಲವಾಗಿತ್ತು. ಭ್ರೂಣ ಬೆಳೆಯುವಾಗ ತನ್ನ ಪೂರ್ವಜರ ವಿಕಾಸದ ಮೆಟ್ಟಿಲುಗಳನ್ನೆಲ್ಲ ಹತ್ತಿ ಬರುತ್ತದೆ ಎಂಬುದು ಆ ವಾದ. ಎಂಪರರ್ ಪೆಂಗ್ವಿನ್ ಬಹಳ ಪುರಾತನ ಬಗೆಯ ಹಕ್ಕಿ ಎಂದು ಆಗ ನಂಬಲಾಗಿತ್ತು. ಹಾಗಿದ್ದರೆ ಅದರ ಭ್ರೂಣದಲ್ಲಿ ಸರೀಸೃಪದ ಹುರುಪೆ ಹಕ್ಕಿಯ ಗರಿಯಾಗುವ ಹಂತ ಕಾಣಬೇಕಲ್ಲವೇ? ಇದನ್ನು ಪರೀಕ್ಷಿಸಲು ನಡು ಚಳಿಗಾಲದ ಮೊಟ್ಟೆ ಬೇಕು.

ವಿಲ್ಸನ್ 1910ರಲ್ಲಿ ಟೆರಾ ನೋವಾ ಹಡಗಿನಲ್ಲಿ ಮತ್ತೆ ಹೊರಟಾಗ ವೈಜ್ಞಾನಿಕ ತಂಡದ ಮುಖ್ಯಸ್ಥರು. ಸಂಗಡಿಗರಿಗೆ ಪ್ರೀತಿಯ 'ಬಿಲ್ ಅಂಕಲ್'. 1911ರ ಜೂನ್ 27ರಂದು ಅವರು, ಬೋವರ್ಸ್ ಮತ್ತು ಚೆರಿ-ಗ್ಯಾರಾರ್ಡ್ ಎಂಬ ಇಬ್ಬರೊಡನೆ, ಹಗಲೂ ರಾತ್ರಿಯೂ ಒಂದೇ ಆದ ಕತ್ತಲೆಯಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದ ಕೇಪ್ ಕ್ರೋಜಿಯರ್‌ಗೆ ಬಂಡಿ ಎಳೆದುಕೊಂಡು ನಡೆದರು. ಒಂದು ದಿನ ಉಷ್ಣತೆ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು. ಕುದಿಯುತ್ತಿದ್ದ ಕೊಬ್ಬಿನ ಒಂದು ಹನಿ ಸಿಡಿದು ವಿಲ್ಸನ್ ಅವರ ಕಣ್ಣಿಗೆ ಬಿತ್ತು. ಹಿಮಬಿರುಗಾಳಿ ಅವರ ಗುಡಾರವನ್ನು ಹಾರಿಸಿಕೊಂಡು ಹೋಯಿತು. ಕಲ್ಲಿನಿಂದ ಕಟ್ಟಿದ್ದ ಗೂಡಿನ ಚಾವಣಿಯೂ ಹರಿದುಹೋಯಿತು. ಅಂದು ವಿಲ್ಸನ್ ಅವರ 39ನೆಯ ಹುಟ್ಟುಹಬ್ಬ. ಗಾಳಿ ನಿಂತ ಮೇಲೆ ಗುಡಾರ ಸ್ವಲ್ಪ ದೂರದಲ್ಲಿ ಸಿಕ್ಕದಿದ್ದರೆ ಮೂವರೂ ಬದುಕುತ್ತಿರಲಿಲ್ಲ. ಐದು ಮೊಟ್ಟೆ ಎತ್ತಿಕೊಂಡಿದ್ದರು, ಎರಡು ಒಡೆದವು. ಆಗಸ್ಟ್ 1ರಂದು ಮೂರು ಮೊಟ್ಟೆಗಳೊಡನೆ ಬಿಡಾರ ಸೇರಿದರು.

ಆ ಮೊಟ್ಟೆಗಳಿಂದ ಏನು ತಿಳಿಯಿತು? 1913ರಲ್ಲಿ ಅವು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಅಂತಿಮ ವರದಿ ಪ್ರಕಟವಾದದ್ದು 1934ರಲ್ಲಿ. ಗರಿಯ ಮೂಲದ ಪ್ರಶ್ನೆಗೆ ಅವು ಹೆಚ್ಚೇನೂ ಬೆಳಕು ಚೆಲ್ಲಲಿಲ್ಲ ಎಂಬುದೇ ಅದರ ಸಾರ. ಅಷ್ಟರಲ್ಲಿ ಹೆಕೆಲ್ ವಾದವೂ ಬಿದ್ದುಹೋಗಿತ್ತು. ಗರಿಯ ಕಥೆಗೆ ಹೊಸ ಸುಳಿವು ಸಿಕ್ಕಿದ್ದು 1996ರಲ್ಲಿ, ಚೀನಾದಲ್ಲಿ ದೊರೆತ, ಮೈಮೇಲೆ ಗರಿಯಂಥ ಎಳೆಗಳಿದ್ದ ಡೈನೋಸಾರಿನ ಪಳೆಯುಳಿಕೆಯಿಂದ.

ಹಾಗಾದರೆ ಆ ಶ್ರಮವೆಲ್ಲ ವ್ಯರ್ಥವೇ? ಇದನ್ನು ನೀವೇ ಯೋಚಿಸಿ. ನನ್ನ ಅಭಿಪ್ರಾಯ ಹೇಳುತ್ತೇನೆ. ವಿಲ್ಸನ್ ಅವರ ಊಹೆ ತಪ್ಪಾಯಿತು, ಆದರೆ ಅವರು ಕಂಡದ್ದು ತಪ್ಪಾಗಲಿಲ್ಲ. ಎಂಪರರ್ ಪೆಂಗ್ವಿನ್ ಸಂತಾನಕ್ಕೆ ಹೆಪ್ಪುಗಟ್ಟಿದ ಕಡಲನ್ನೇ ನೆಚ್ಚಿದೆ ಎಂಬುದು ಅವರ ಕಾಲದ ಗ್ರಹಿಕೆ. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಕೆಲವು ಭಾಗಗಳಲ್ಲಿ ಆ ಹೆಪ್ಪು ಬೇಗನೆ ಒಡೆಯಿತು. ಐದು ನೆಲೆಗಳಲ್ಲಿ ನಾಲ್ಕರಲ್ಲಿ ಮರಿಗಳು ಉಳಿದಿರಲಾರವು ಎಂದು ಉಪಗ್ರಹ ಚಿತ್ರಗಳನ್ನು ನೋಡಿದ ವಿಜ್ಞಾನಿಗಳು ಹೇಳಿದರು. ಇಂದು ಈ ಹಕ್ಕಿಯ ಬಗ್ಗೆ ನಾವು ಆತಂಕಪಡುವುದು ಅಂದು ಬರೆದಿಟ್ಟ ಅದೇ ಸತ್ಯದ ಆಧಾರದಿಂದ.

ಕೊನೆಯ ಪಯಣ

1912ರ ಜನವರಿ 17ರಂದು ಸ್ಕಾಟ್, ವಿಲ್ಸನ್, ಬೋವರ್ಸ್, ಓಟ್ಸ್ ಮತ್ತು ಎಡ್ಗರ್ ಇವಾನ್ಸ್ ದಕ್ಷಿಣ ಧ್ರುವ ಮುಟ್ಟಿದರು. ಆದರೆ ನಾರ್ವೆಯ ಅಮುಂಡ್ಸನ್ 1911ರ ಡಿಸೆಂಬರ್ 14ರಂದೇ ಅಲ್ಲಿಗೆ ತಲುಪಿದ್ದರು. ಸೋತ ಆ ಹೊತ್ತಿನಲ್ಲೂ ವಿಲ್ಸನ್ ಚಿತ್ರಪುಸ್ತಕ ತೆರೆದರು. ಅಮುಂಡ್ಸನ್ ಬಿಟ್ಟುಹೋಗಿದ್ದ ಗುಡಾರವನ್ನೂ ಕಪ್ಪು ಬಾವುಟವನ್ನೂ ಬರೆದರು. ತಮ್ಮ ಸೋಲಿನ ಗುರುತನ್ನೂ ಕಂಡಂತೆಯೇ ದಾಖಲಿಸಿದರು.

ಹಿಂದಿರುಗುವ ದಾರಿಯಲ್ಲಿ, ಫೆಬ್ರವರಿ 8ರಂದು, ಬಿಯರ್ಡ್‌ಮೋರ್ ಹಿಮನದಿಯ ಪಕ್ಕದ ಬಂಡೆಗಳಲ್ಲಿ ವಿಲ್ಸನ್ ಅವರಿಗೆ ಕಲ್ಲಿದ್ದಲಿನ ಪದರಗಳೂ ಎಲೆಗಳ ಅಚ್ಚುಗಳೂ ಕಂಡವು. ದಣಿದ, ಹಸಿದ ಆ ತಂಡ ಸುಮಾರು 16 ಕಿಲೋಗ್ರಾಂ ಕಲ್ಲುಗಳನ್ನು ಕೊನೆಯವರೆಗೂ ಎಳೆಯಿತು. ಇವಾನ್ಸ್ ದಾರಿಯಲ್ಲಿ ಸತ್ತರು. ಆಮೇಲೆ ಓಟ್ಸ್. ಉಳಿದ ಮೂವರು ಮಾರ್ಚ್ ಕೊನೆಯಲ್ಲಿ, ಆಹಾರ ಕೂಡಿಟ್ಟಿದ್ದ ನೆಲೆಗೆ ಕೇವಲ 11 ಮೈಲಿ ದೂರದಲ್ಲಿ, ಗುಡಾರದೊಳಗೆ ಕೊನೆಯುಸಿರೆಳೆದರು. ನವೆಂಬರ್ 12ರಂದು ಹುಡುಕಲು ಹೋದವರಿಗೆ ಅವರ ದೇಹಗಳ ಜೊತೆಗೆ ದಿನಚರಿಗಳು, ವಿಲ್ಸನ್ ಅವರ ಚಿತ್ರಗಳು ಮತ್ತು ಆ ಕಲ್ಲುಗಳು ಸಿಕ್ಕವು.

ಕಲ್ಲಿನಲ್ಲಿದ್ದ ಎಲೆ ಗ್ಲಾಸಾಪ್ಟೆರಿಸ್ ಎಂಬ ಅಳಿದುಹೋದ ಮರದ್ದು ಎಂದು 1914ರಲ್ಲಿ ಸಸ್ಯಶಾಸ್ತ್ರಜ್ಞ ಸೀವರ್ಡ್ ಗುರುತಿಸಿದರು. ಈಗ ನಮ್ಮ ದೇಶಕ್ಕೆ ಬನ್ನಿ. ಇದೇ ಮರದ ಎಲೆಗಳ ಪಳೆಯುಳಿಕೆ ರಾಣಿಗಂಜ್, ಝರಿಯಾ, ಗೋದಾವರಿ ಕಣಿವೆಯ ಕಲ್ಲಿದ್ದಲು ಪ್ರದೇಶಗಳಲ್ಲಿ ಹೇರಳವಾಗಿದೆ. ಇದರ ದೊಡ್ಡ ಬೀಜಗಳು ಸಾಗರ ದಾಟಿ ಹಾರುವಂಥವಲ್ಲ. ಹಾಗಾದರೆ ಭಾರತದಲ್ಲೂ ದಕ್ಷಿಣ ಧ್ರುವದ ಬಳಿಯೂ ಇದು ಬೆಳೆದದ್ದು ಹೇಗೆ? ಸುಮಾರು 25 ಕೋಟಿ ವರ್ಷಗಳ ಹಿಂದೆ ಈ ಭೂಭಾಗಗಳೆಲ್ಲ ಒಂದಾಗಿದ್ದವು. ಆ ಮಹಾಖಂಡಕ್ಕೆ ನಮ್ಮ ಗೊಂಡ ಜನರ ನಾಡಿನಿಂದಲೇ ಗೊಂಡ್ವಾನಾ ಎಂಬ ಹೆಸರು ಬಂದಿದೆ. ವಿಲ್ಸನ್ ಧ್ರುವದತ್ತ ನಡೆಯುತ್ತಿದ್ದ 1912ರ ಜನವರಿಯಲ್ಲೇ ಜರ್ಮನಿಯಲ್ಲಿ ವೆಗೆನರ್ ಖಂಡಗಳು ಸರಿಯುತ್ತವೆ ಎಂಬ ತಮ್ಮ ವಾದವನ್ನು ಮೊದಲ ಬಾರಿ ಮಂಡಿಸಿದರು.  ಗೋದಾವರಿ ಕಣಿವೆಯ ಕಲ್ಲಿದ್ದಲು ನಮ್ಮ ರಾಯಚೂರಿನ ವಿದ್ಯುತ್ ಕೇಂದ್ರಕ್ಕೂ ಬಂದಿದೆ. ನಿಮ್ಮ ಮನೆಯ ದೀಪದ ಬೆಳಕಿನಲ್ಲೂ ಆ ಮರಗಳ ಪಾಲಿದ್ದೀತು.

ಕಾಗದದ ಕಟ್ಟಿನಲ್ಲಿ ಒಂದು ಹಕ್ಕಿ

ಕೊನೆಯದಾಗಿ ಒಂದು ಸಂಗತಿ. ಅಂಟಾರ್ಕ್ಟಿಕಾದ ಕೇಪ್ ಅಡೇರ್ ಎಂಬಲ್ಲಿ 1899ರಲ್ಲಿ ಕಟ್ಟಿದ ಮರದ ಮನೆಯೊಂದಿದೆ. ಅಲ್ಲಿನ ಹಳೆಯ ವಸ್ತುಗಳನ್ನು ನ್ಯೂಜಿಲೆಂಡಿನ ತಜ್ಞರು ಸಂರಕ್ಷಿಸುತ್ತಿದ್ದಾಗ, 2016ರಲ್ಲಿ, ಹಕ್ಕಿ ಹಿಕ್ಕೆ ಮೆತ್ತಿದ ಕಾಗದಗಳ ಕಟ್ಟಿನ ನಡುವೆ ಒಂದು ಜಲವರ್ಣ ಚಿತ್ರ ಸಿಕ್ಕಿತು. ಮರದ ಕಾಂಡವನ್ನು ಹತ್ತುವ ಟ್ರೀಕ್ರೀಪರ್ ಎಂಬ ಪುಟ್ಟ ಹಕ್ಕಿ ಸತ್ತು ಮಲಗಿರುವ ಚಿತ್ರ. ಅದರ ಮೇಲೆ 1899 ಎಂಬ ಇಸವಿ. ಯಾರು ಬರೆದದ್ದೆಂದು ಮೊದಲು ತಿಳಿಯಲಿಲ್ಲ. ಚಿತ್ರವನ್ನು ಕಂಡುಹಿಡಿದ ತಜ್ಞೆ ಮುಂದೊಮ್ಮೆ ವಿಲ್ಸನ್ ಬಗ್ಗೆ ನಡೆದ ಉಪನ್ಯಾಸವೊಂದಕ್ಕೆ ಹೋದರು. ಪರದೆಯ ಮೇಲೆ ಮೂಡಿದ ಕೈಬರಹ ನೋಡಿದ ಕೂಡಲೆ ಅವರಿಗೆ ಗುರುತು ಸಿಕ್ಕಿತು! 2017ರಲ್ಲಿ ಈ ಸುದ್ದಿ ಪ್ರಕಟವಾಯಿತು. ಕತ್ತಲೆ ಮತ್ತು ಚಳಿ ಆ ಬಣ್ಣಗಳನ್ನು ಮಾಸದಂತೆ ಕಾಪಾಡಿದ್ದವು. ಕ್ಷಯರೋಗದಿಂದ ಚೇತರಿಸಿಕೊಳ್ಳುತ್ತಿದ್ದ ಕಾಲದ ಚಿತ್ರ ಅದು. ಆರಿಹೋಗಬಹುದಾಗಿದ್ದ ಬದುಕು ಹಕ್ಕಿಯ ಗರಿ ಗರಿಯನ್ನೂ ಎಣಿಸಿ ಬರೆಯುತ್ತಿತ್ತು.

ನನ್ನ ಹಳೆಯ ರೆಕಾರ್ಡ್ ಪುಸ್ತಕ ಇನ್ನೂ ಮನೆಯಲ್ಲಿದೆ. ಆ ಎರಡನೆಯ ಮೀಸೆಯನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ನೀವು ಮುಂದಿನ ಪ್ರಾಕ್ಟಿಕಲ್ ತರಗತಿಗೆ ಹೋದಾಗ ಸ್ಲೈಡಿನಲ್ಲಿ ಮೀಸೆ ಒಂದೇ ಇದ್ದರೆ ಒಂದನ್ನೇ ಬರೆಯಿರಿ. ಅಂದ ಸ್ವಲ್ಪ ಕಡಿಮೆಯಾದೀತು. ಆದರೆ ನೂರು ವರ್ಷ ಬಿಟ್ಟು ಯಾರಾದರೂ ಅದನ್ನು ತೆರೆದರೆ, ನಿಮ್ಮ ಚಿತ್ರವನ್ನು ನಂಬಬಹುದು.

ಮಾಡಿ ನೋಡಿ

1. ಸಂಜೆ ಸೂರ್ಯ ಮುಳುಗಿದ ಮೇಲೆ ಪಡುವಣ ಆಕಾಶವನ್ನು ಪೆನ್ಸಿಲಿನಿಂದ ಮಾತ್ರ ಬರೆಯಿರಿ. ಬಣ್ಣಗಳನ್ನು ಅಕ್ಷರದಲ್ಲಿ ಗುರುತು ಮಾಡಿ. "ಕೆಂಪು" ಎಂದಷ್ಟೇ ಬರೆದರೆ ಸಾಲದು. ಹಣ್ಣು ಮೆಣಸಿನಕಾಯಿಯ ಕೆಂಪೋ, ದಾಸವಾಳದ ಕೆಂಪೋ, ಕುಂಕುಮದ ಕೆಂಪೋ, ಬಿಡಿಸಿ ಬರೆಯಿರಿ. ರಾತ್ರಿ ದೀಪದ ಬೆಳಕಿನಲ್ಲಿ ಬಣ್ಣ ತುಂಬಿ. ಮರುದಿನ ಹಗಲಿನಲ್ಲಿ ತೆಗೆದು ನೋಡಿ. ಯಾವ ಬಣ್ಣ ಬದಲಾಗಿದೆ?

2. ಚಂದ್ರನ ಸುತ್ತ ಉಂಗುರ ಕಂಡ ರಾತ್ರಿ ಕೈ ಚಾಚಿ ಗೇಣಿನಿಂದ ಅಳೆಯಿರಿ. ಹಗಲಿನ ಪರಿವೇಷವಾದರೆ ಸೂರ್ಯನನ್ನು ಕಂಬದ ಅಥವಾ ಗೋಡೆಯ ಮರೆಗೆ ಬಿಟ್ಟು ಉಂಗುರವನ್ನು ಮಾತ್ರ ನೋಡಿ. ಬರಿಗಣ್ಣಿನಿಂದ ಸೂರ್ಯನನ್ನು ಎಂದಿಗೂ ನೋಡಬೇಡಿ.

3. ಮಳೆಬಿಲ್ಲಿನ ಹೊರ ಅಂಚು ಕೆಂಪು, ಪರಿವೇಷದ ಒಳ ಅಂಚು ಕೆಂಪು. ಏಕೆ? ಒಂದರಲ್ಲಿ ಬೆಳಕು ಹನಿಯೊಳಗೆ ಪ್ರತಿಫಲಿಸುತ್ತದೆ, ಇನ್ನೊಂದರಲ್ಲಿ ಪ್ರತಿಫಲನವಿಲ್ಲ ಎಂಬ ಸುಳಿವು ಹಿಡಿದು ನಿಮ್ಮ ಭೌತಶಾಸ್ತ್ರದ ಮೇಷ್ಟ್ರೊಡನೆ ಚರ್ಚಿಸಿ.